ಲಾಸ್ ಏಂಜಲೀಸಿನಲ್ಲಿ ಅರ್ಧ ಪ್ರದಕ್ಷಿಣೆ

ಬೇಲೂರಿನಲ್ಲಿ ಯದುಗಿರಿಯನ್ನು ನೋಡಿ ಹೊತ್ತು ಹೇಳುವವರಿದ್ದರು. ಹಗರೆಯಿಂದ ಮೊದಲ ಬಸ್ಸಿಗೆ ಹಾಲಿನ ಕ್ಯಾನು ಹಾಕಿಕೊಂಡು ಬರುತ್ತಿದ್ದ ಸಿದ್ದಬಸಪ್ಪ ದೇವಸ್ಥಾನದ ಹೆಬ್ಬಾಗಿಲಲ್ಲಿ ಒಮ್ಮೆ ಇಣುಕಿ, "ಅಮ್ನೋರು ಇನ್ನೂ ಆಂಡಾಳಮ್ಮನ ಗುಡಿ ತಾವ ಅವ್ರೆ, ಹೊತ್ತೈತೆ ಬುಡು" ಎಂದು ನಿಧಾನವಾಗಿ ಬೀಡಿ ಹಚ್ಚುತ್ತಿದ್ದ. ಅಷ್ಟು ಹೊತ್ತಿಗೆ ಅವಳ ದಿನದ ಪ್ರದಕ್ಷಿಣೆ ಅರ್ಧ ಪಾಲು ಮುಗಿದಿರುತ್ತಿತ್ತು. ತಲೆಯ ಮೇಲೆ ಸೆರಗು, ಕೈಯಲ್ಲಿ ನಾಲ್ಕು ದಳ ತುಳಸಿ, ಚಪ್ಪಡಿ ಕಲ್ಲಿನ ಮೇಲೆ ಬರಿಗಾಲು. ಚೆನ್ನಿಗರಾಯ ಸದಾ ಬಲಗಡೆಗೆ. ದೇವರನ್ನು ಬಲಕ್ಕಿಟ್ಟುಕೊಂಡು ನಡೆಯುವವರಿಗೆ ದಾರಿ ತಪ್ಪುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದರಂತೆ. ಆ ಮಾತನ್ನು ನಂಬಿಕೊಂಡೇ ಅವಳು ಅಮೆರಿಕಾದ ಒಂದು ಮಹಾನಗರವನ್ನು ಒಬ್ಬಳೇ ಸುತ್ತಿ ಬಂದಳು.

ಬಂದ ಮೇಲೆ ಕೇಳಿದವರಿಗೆಲ್ಲ ಅವಳು ಕೊಡುತ್ತಿದ್ದ ಉತ್ತರ ಒಂದೇ. "ಕಾಯಿಲ್ಲದ ತೆಂಗಿನ ಮರ, ನೀರಿಲ್ಲದ ಹೊಳೆ, ನಡೆಯೋರಿಲ್ಲದ ಬೀದಿ. ಜನ ಮಾತ್ರ ಒಳ್ಳೆಯವರು ಕಣ್ರೀ." ಇದಕ್ಕಿಂತ ಹೆಚ್ಚಿನದನ್ನು ಕೇಳಬೇಕಾದರೆ ಅವಳ ಜೊತೆ ಹಗಲು ಹೊತ್ತು ಕೂತು ಹೂವು ಕಟ್ಟಬೇಕಿತ್ತು.

ಯದುಗಿರಿಯನ್ನು ಬಾಣಾವರಕ್ಕೆ ಕೊಟ್ಟಿದ್ದರು. ಗಂಡ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟು ಕೊಡುವ ಗುಮಾಸ್ತ. ಮೆತ್ತಗಿನ ಮನುಷ್ಯ, ಗೂಡ್ಸ್ ಗಾಡಿ ಕೂಗಿದರೆ ಊಟದ ನಡುವೆಯೂ ಎದ್ದು ಕೈ ತೊಳೆಯುವಷ್ಟು ಕೆಲಸದ ಭಯ. ಮದುವೆಯಾದ ಕೆಲವೇ ವರ್ಷಕ್ಕೆ ಅವನಿಗೆ ವಿಷಮಶೀತ ಜ್ವರ ಬಂತು. ಅತ್ತೆ ಸೊಸೆಯನ್ನು ಊರ ದೇವಸ್ಥಾನಕ್ಕೆ ಪ್ರದಕ್ಷಿಣೆಗೆ ಅಟ್ಟಿದರು. ಹಿಡಿದ ಸುತ್ತನ್ನು ನಡುವೆ ಬಿಡಬಾರದು, ಹಿಂದಕ್ಕೆ ತಿರುಗಬಾರದು, ತಿರುಗಿದರೆ ಸುತ್ತಿದ್ದನ್ನು ಬಿಚ್ಚಿ ಎಸೆದಂತೆ ಎಂದು ಬುದ್ಧಿ ಹೇಳಿಯೇ ಕಳಿಸಿದ್ದರು. ಅವಳು ಸುತ್ತುತ್ತಿರುವಾಗ ಪಕ್ಕದ ಮನೆಯ ಕಾಂತಮ್ಮ ಓಡುತ್ತ ಬಂದು, ನಿನ್ನನ್ನು ಕರೀತಿದಾರೆ, ಬಾ ಎಂದರು. ಯದುಗಿರಿ ಹೋಗಲಿಲ್ಲ. ಎಣಿಸಿಕೊಂಡಿದ್ದ ಸುತ್ತುಗಳನ್ನೆಲ್ಲ ಮುಗಿಸಿ, ತೀರ್ಥ ತೆಗೆದುಕೊಂಡು ಮನೆಗೆ ಬಂದಳು. ಆಗ ಎಲ್ಲ ಮುಗಿದಿತ್ತು. ಅವನು ಎರಡು ಸಲ, "ಯದುಗಿರಿ ಬಂದಳಾ?" ಎಂದು ಕೇಳಿ ಗೋಡೆಯ ಕಡೆಗೆ ಮುಖ ತಿರುಗಿಸಿದನಂತೆ. ಇಂಥ ದುಃಖದಲ್ಲೂ ಹರಕೆ ಬಿಡದ ಸೊಸೆ ಎಂದು ನೆಂಟರೆಲ್ಲ ಹೊಗಳಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲಿನ ವರ್ಷಗಳಲ್ಲಿ ಒಂದು ಸುತ್ತಾದರೂ ಆ ಪ್ರಶ್ನೆ ಜೊತೆಗೆ ಬಾರದ ಸುತ್ತು ಇರಲಿಲ್ಲ. ಅದನ್ನು ಯಾರಿಗೆ ಹೇಳುವುದು?

ತವರಿಗೆ ಬಂದಳು. ತಮ್ಮ ಸುಂದರರಾಜ ಬೇಲೂರಿನ ಮಿಡಲ್ ಸ್ಕೂಲಿನಲ್ಲಿ ಮೇಷ್ಟರು. ಅವನ ಹೆಂಡತಿ ಬಾಣಂತನದಲ್ಲೇ ಹೋದಾಗ, ಎದೆಹಾಲು ಕಾಣದ ಕೂಸು ಯದುಗಿರಿಯ ಮಡಿಲಿಗೆ ಬಂತು. ಅದೇ ರಮಾಮಣಿ. ಹುಡುಗಿ ಎಲ್ಲದರಲ್ಲೂ ಚುರುಕು, ನಡೆಯುವುದರಲ್ಲಿ ಮಾತ್ರ ಇಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ. ತುಟಿ, ಉಗುರು ನೇರಳೆ ಹಣ್ಣು ತಿಂದಂತೆ ನೀಲಿ. ಅತ್ತೆಯ ಜೊತೆ ಪ್ರದಕ್ಷಿಣೆಗೆ ಹೊರಟರೆ ಒಂದೊಂದು ಮೂಲೆಯಲ್ಲೂ ಕುಕ್ಕರಗಾಲಲ್ಲಿ ಕೂತುಬಿಡುವಳು. "ನೀನು ಹೋಗು ಅತ್ತೆ, ನಾನು ಮದನಿಕೇರ ಜೊತೆ ಮಾತಾಡ್ತಿರ್ತೀನಿ" ಎನ್ನುವಳು. ಹಾಸನದ ಡಾಕ್ಟರು, ಮೈಸೂರಿನ ಡಾಕ್ಟರು ಇಬ್ಬರೂ ಹೃದಯದಲ್ಲಿ ತೂತಿದೆ ಎಂದಿದ್ದರು. ಅದಕ್ಕೆ ಮದ್ದಿಲ್ಲ ಎಂದೂ ಹೇಳಿದ್ದರು.

ಸಾವಿರದ ಒಂಬೈನೂರ ಅರವತ್ತರ ಚಳಿಗಾಲದಲ್ಲಿ ದೇವಸ್ಥಾನ ನೋಡಲು ಬಂದ ಒಬ್ಬ ಅಮೆರಿಕಾದ ಮನುಷ್ಯ ಶಿಲ್ಪಗಳನ್ನು ಬಿಟ್ಟು, ಮೂಲೆಯಲ್ಲಿ ಕೂತಿದ್ದ ಈ ಹುಡುಗಿಯ ಉಗುರು ನೋಡುತ್ತ ನಿಂತುಬಿಟ್ಟರು. ಅವರ ಹೆಸರು ಹಾರ್ಪರ್. ಲಾಸ್ ಏಂಜಲೀಸಿನಲ್ಲಿ ಹೃದಯದ ಡಾಕ್ಟರು. ಸುಂದರರಾಜನ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: ಈ ತೂತನ್ನು ಈಗ ಹೊಲಿಯಲು ಬರುತ್ತದೆ, ನಮ್ಮಲ್ಲಿಗೆ ಕಳಿಸಿ, ಖರ್ಚನ್ನು ಅಲ್ಲಿನ ಚರ್ಚಿನ ಹೆಂಗಸರು ನೋಡಿಕೊಳ್ಳುತ್ತಾರೆ. ಆದರೆ ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ.

ಅಪ್ಪ ಹೋಗುವುದೇ ಸರಿ ಎಂದು ಎಲ್ಲರೂ ಅಂದುಕೊಂಡರು. ರಮಾಮಣಿ ಒಪ್ಪಲಿಲ್ಲ. ಅತ್ತೆ ಬಂದರೆ ಸರಿ, ಇಲ್ಲದಿದ್ದರೆ ತೂತು ಹಾಗೇ ಇರಲಿ ಎಂದುಬಿಟ್ಟಳು. ಸುಂದರರಾಜ ಅಕ್ಕನ ಮುಖ ನೋಡಿದ. ಸಮುದ್ರ ದಾಟಿದರೆ ಮಡಿ ಏನಾಗುತ್ತದೆ, ಬಂದ ಮೇಲೆ ದೇವಸ್ಥಾನಕ್ಕೆ ಕಟ್ಟುವ ಹೂವು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಬೀದಿಯಲ್ಲಿ ಮಾತು ಎದ್ದವು. ಯದುಗಿರಿ ಅರ್ಚಕರಾದ ಅನಂತಸ್ವಾಮಿಗಳ ಹತ್ತಿರ ಹೋಗಿ ನೇರವಾಗಿ ಕೇಳಿದಳು. ಅವರು, ಸಮುದ್ರದ ಮೇಲೆ ವಿಮಾನದಲ್ಲಿ ಹೋದರೆ ನೀರು ಮುಟ್ಟಿದ ಹಾಗಾಗುವುದಿಲ್ಲವಲ್ಲ ಎಂದು ನಕ್ಕರು. ಅವರ ನಗುವಿನಲ್ಲಿ ಅನುಮತಿ ಇತ್ತು.

ಅರಸೀಕೆರೆಯಲ್ಲಿ ರೈಲು ಹತ್ತುವಾಗ ಯದುಗಿರಿ ಚೆನ್ನಿಗರಾಯನಿಗೆ ಹೇಳಿಕೊಂಡಿದ್ದಳು: ಹುಡುಗಿ ವಾಸಿಯಾಗುವವರೆಗೆ ದಿನವೂ ನಿನ್ನ ಪ್ರದಕ್ಷಿಣೆ ತಪ್ಪಿಸುವುದಿಲ್ಲ. ಹೋಗುವ ಊರಿನಲ್ಲಿ ಚೆನ್ನಿಗರಾಯನಿಲ್ಲ ಎಂಬುದು ಹೊಳೆದದ್ದು ರೈಲು ಬಾಣಾವರ ದಾಟಿದ ಮೇಲೆ.

ಆಸ್ಪತ್ರೆ ಊರಿನ ಪೂರ್ವಕ್ಕೆ, ಹೊಳೆಯ ಆಚೆ, ಒಂದು ದಿಬ್ಬದ ಮೇಲಿತ್ತು. ಹುಡುಗಿಯನ್ನು ಒಳಗೆ ಸೇರಿಸಿಕೊಂಡು, ಆಪರೇಷನ್ನಿಗೆ ಮುಂಚೆ ಮೈಗೆ ಶಕ್ತಿ ಬರಬೇಕು, ಕೆಲವು ವಾರ ಹಿಡಿಯುತ್ತದೆ ಎಂದರು. ಅವರು ಹೇಳಿದ್ದನ್ನೆಲ್ಲ ಅಪ್ಪನಿಂದ ಕಲಿತ ಇಂಗ್ಲಿಷಿನ ಬಲದಲ್ಲಿ ರಮಾಮಣಿಯೇ ಅತ್ತೆಗೆ ತಿಳಿಸುತ್ತಿದ್ದಳು. ಮಧ್ಯಾಹ್ನ ಒಂದಿಷ್ಟು ಹೊತ್ತು ಬಿಟ್ಟರೆ ಹತ್ತಿರ ಸೇರಿಸುವುದಿಲ್ಲ, ಅದು ಅಲ್ಲಿನ ಕಾನೂನು. ಯದುಗಿರಿಗೆ ಒಂದು ಬೀದಿ ಆಚೆ ಆಲ್ಸನ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಕೋಣೆ ಕೊಟ್ಟಿದ್ದರು. ಆಲ್ಸನಮ್ಮ ಎತ್ತರದ ಹೆಂಗಸು, ಮಾತು ಕಡಿಮೆ. ಈ ಹೊಸಬಳು ತಾನೇ ಬೇಯಿಸಿ ತಿನ್ನುವವಳೆಂದು ಮೊದಲ ದಿನವೇ ಅರ್ಥ ಮಾಡಿಕೊಂಡು, ಒಂದು ಒಲೆ, ಒಂದು ಪಾತ್ರೆ ಬೇರೆ ತೆಗೆದಿಟ್ಟು, ಆ ಪಾತ್ರೆಯನ್ನು ಮತ್ತೆಂದೂ ತಾನು ಮುಟ್ಟಲಿಲ್ಲ. ಮಡಿಯೆಂದರೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲ ಬೆಳಗ್ಗೆ ಯದುಗಿರಿ ಸ್ನಾನ ಮಾಡಿ ಆಸ್ಪತ್ರೆಯ ಮುಂದೆ ಹೋಗಿ ನಿಂತಳು. ಒಳಗೆ ಬಿಡುವುದಿಲ್ಲ. ಕೂಸು ಒಳಗಿದೆ. ಕೂಸಿನ ಎದೆಯೊಳಗೆ ಚೆನ್ನಿಗರಾಯನಿದ್ದಾನೆ. ಹಾಗಿದ್ದ ಮೇಲೆ ಇದೇ ಗುಡಿಯಲ್ಲವೇ? ಕೈ ಮುಗಿದು, ಕಟ್ಟಡವನ್ನು ಬಲಕ್ಕಿಟ್ಟುಕೊಂಡು ಬರಿಗಾಲಲ್ಲಿ ಹೊರಟಳು. ಅರ್ಧ ಸುತ್ತು ಬರುವಷ್ಟರಲ್ಲಿ ಒಬ್ಬ ನರ್ಸು ಹಿಂದಿನಿಂದ ಚಪ್ಪಲಿ ಹಿಡಿದು ಓಡಿ ಬಂದಳು. ಈ ವಿಷಯ ತಿಳಿದ ರಮಾಮಣಿ, ಇಲ್ಲಿ ಬರಿಗಾಲಲ್ಲಿ ನಡೆದರೆ ಹುಚ್ಚರೆಂದುಕೊಳ್ಳುತ್ತಾರೆ ಎಂದು ಬೈದಳು. ಕೊನೆಗೆ ಬಟ್ಟೆಯ ಬೂಟು ತಂದಾಯಿತು. ಚರ್ಮದ್ದಲ್ಲ, ಹಾಗಾಗಿ ದೋಷವಿಲ್ಲವೆಂದು ಯದುಗಿರಿ ಒಪ್ಪಿಕೊಂಡಳು. ಅಂಚಿಲ್ಲದ ಸೀರೆಯ ಕೆಳಗೆ ಆ ಬಿಳಿ ಬೂಟು ನೋಡಿ ಹುಡುಗಿ ನಗುತ್ತ ಕೆಮ್ಮಿ, ನರ್ಸು ಬಂದು ಗದರುವಂತಾಯಿತು.

ಒಂದು ಸುತ್ತು ಬೇಗ ಮುಗಿದುಹೋಗುತ್ತಿತ್ತು. ಮಧ್ಯಾಹ್ನದವರೆಗೆ ಏನು ಮಾಡುವುದು? ಮರುದಿನ ಒಂದು ಬೀದಿ ಆಚೆಯಿಂದ ಸುತ್ತಿದಳು. ಅದರ ಮರುದಿನ ಇನ್ನೊಂದು ಬೀದಿ. ಆ ಊರಿನ ಬೀದಿಗಳನ್ನು ಚೌಕಾಬಾರದ ಮನೆಗಳಂತೆ ಗೀಟೆಳೆದು ಮಾಡಿದ್ದರು. ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ ತಿರುಗುತ್ತ ಹೋದರೆ ಹೊರಟಲ್ಲಿಗೇ ಬರುತ್ತಿದ್ದಳು. ತಾಯಿ ಹೇಳಿದ ಮಾತು ಸಮುದ್ರದ ಆಚೆಗೂ ನಡೆಯುತ್ತದೆ ಎಂದು ಅವಳಿಗೆ ಹಿಗ್ಗಾಯಿತು. ಆಲ್ಸನಮ್ಮನಿಗೆ ಮಾತ್ರ ಧೈರ್ಯ ಸಾಲದು. ಮನೆಯ ವಿಳಾಸ ಬರೆದ ಚೀಟಿಯನ್ನು, ಜಾತ್ರೆಗೆ ಕಳಿಸುವ ಮಗುವಿಗೆ ಮಾಡುವಂತೆ, ಇವಳ ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸುತ್ತಿದ್ದಳು.

ಆತುರವಿಲ್ಲದ ನಡಿಗೆ ಅದು. ಜೀವನದಲ್ಲಿ ಮೊದಲ ಸಲ ಅವಳು ಬೆಳಗಿನಿಂದ ಮನೆಮಂದಿಗೆಲ್ಲ ಅಡುಗೆ ಮಾಡಬೇಕಾಗಿರಲಿಲ್ಲ, ನೀರು ಸೇದಬೇಕಾಗಿರಲಿಲ್ಲ. ನೋಡುತ್ತ ನಡೆದಳು. ಬೀದಿಯ ಎರಡೂ ಕಡೆ ತೆಂಗಿನಂಥ ಮರಗಳು, ಮೋಡ ಮುಟ್ಟುವಷ್ಟು ಎತ್ತರ. ಕುತ್ತಿಗೆ ನೋಯುವವರೆಗೆ ತಲೆಯೆತ್ತಿ ಹುಡುಕಿದಳು. ಒಂದು ಕಾಯಿಲ್ಲ, ಒಂದು ಹೊಂಬಾಳೆಯಿಲ್ಲ. ಅರಸೀಕೆರೆಯ ಕಡೆಯವರು ಇದನ್ನು ಕಂಡರೆ ಕಡಿದು ತೊಲೆ ಮಾಡಿಬಿಟ್ಟಾರು. ಮನೆಗಳಿಗೆ ಕಾಂಪೌಂಡಿಲ್ಲ, ಮುಂದೆ ಹುಲ್ಲು, ಹುಲ್ಲಿಗೆ ದನವಿಲ್ಲ. ಜಗುಲಿಯಂಥದ್ದಿದೆ, ಕೂತವರಿಲ್ಲ. ಎಲ್ಲರೂ ಕಾರಿನೊಳಗಿದ್ದಾರೆ. ಇವಳು ರಸ್ತೆ ದಾಟಲು ಅಂಚಿನಲ್ಲಿ ನಿಂತರೆ ಸಾಕು, ಕಾರುಗಳು ಆನೆ ಬಂದಂತೆ ಅಲ್ಲಲ್ಲೇ ನಿಲ್ಲುತ್ತಿದ್ದವು.

ಒಂದು ದಿನ ಪೊಲೀಸಿನವನೊಬ್ಬ ತನ್ನ ಕಾರನ್ನು ಅವಳ ಪಕ್ಕದಲ್ಲೇ ಆಮೆಯ ಹಾಗೆ ಓಡಿಸುತ್ತ ಬಂದು ಏನೋ ಕೇಳಿದ. ಯಾಕೆ ನಡೆಯುತ್ತಿದ್ದೀ ಎಂದೇ ಇರಬೇಕು. ಯದುಗಿರಿ ಕನ್ನಡದಲ್ಲೇ, "ಹರಕೆ ಕಣಪ್ಪಾ, ಮಗೂಗೆ ಹುಷಾರಿಲ್ಲ" ಎಂದು ಎದೆ ಮುಟ್ಟಿ ಆಸ್ಪತ್ರೆಯ ಕಡೆ ಕೈ ತೋರಿಸಿದಳು. ಅವನು ಸೆರಗಿನ ಚೀಟಿ ಓದಿಕೊಂಡ, ಟೋಪಿ ಮುಟ್ಟಿದ, ಅವಳು ಮೂಲೆ ತಿರುಗುವವರೆಗೆ ಹಿಂದೆಯೇ ಬಂದ. ಇನ್ನೊಂದು ದಿನ ದಿಬ್ಬದ ಮೇಲೆ ರಸ್ತೆಗಳು ಹಾವಿನಂತೆ ಸುತ್ತಿಕೊಂಡು, ಎಷ್ಟು ಬಲಕ್ಕೆ ತಿರುಗಿದರೂ ಹೊರಟ ಜಾಗ ಬರಲಿಲ್ಲ. ಹೂವಿನ ಗಿಡ ಕತ್ತರಿಸುತ್ತಿದ್ದ ಜಪಾನಿನ ಮುದುಕರೊಬ್ಬರು ಕತ್ತರಿ ಕೆಳಗಿಟ್ಟು, ಮುಂದೆ ಮುಂದೆ ನಡೆದು ಆಸ್ಪತ್ರೆ ಕಾಣುವಲ್ಲಿಗೆ ಬಿಟ್ಟು, ಬಗ್ಗಿ ನಮಸ್ಕಾರ ಮಾಡಿ ಹೋದರು.

ಮಧ್ಯಾಹ್ನ ರಮಾಮಣಿ ಕಾದಿರುತ್ತಿದ್ದಳು. ಅನ್ನ ಕಲಸಿಕೊಂಡು ತಂದದ್ದಕ್ಕಿಂತ ಅವಳಿಗೆ ಬೇಕಾದದ್ದು ಬೇರೆ.

"ಇವತ್ತು ಏನು ನೋಡಿದೆ ಅತ್ತೆ? ಎಲ್ಲಾ ಹೇಳ್ಬೇಕು, ಬಿಡಬಾರದು."

ಹೇಳುತ್ತಿದ್ದಳು. ಗಾಜಿನ ಹೊಟ್ಟೆಯ ಯಂತ್ರದಲ್ಲಿ ಬಟ್ಟೆ ತಿರುಗುವುದನ್ನು ಹೆಂಗಸರು ಮಂಗಳಾರತಿ ನೋಡುವ ಹಾಗೆ ಸಾಲಾಗಿ ಕೂತು ನೋಡುವುದು, ರೊಟ್ಟಿ ಅಂಗಡಿಯ ಮುಂದೆ ಗಡ್ಡದ ಅಜ್ಜಂದಿರು ಅವಳನ್ನು ಕಂಡು ಹ್ಯಾಟು ಎತ್ತುವುದು, ಹೊಳೆ. ಹೊಳೆಯ ಕಥೆಯಂತೂ ಹುಡುಗಿ ನಂಬಲೇ ಇಲ್ಲ. ದೊಡ್ಡ ಸೇತುವೆ, ಕೆಳಗೆ ಬಗ್ಗಿ ನೋಡಿದರೆ ತಳಕ್ಕೂ ದಡಕ್ಕೂ ಸಿಮೆಂಟು ಮೆತ್ತಿದ್ದಾರೆ, ನಡುವೆ ಬಚ್ಚಲಿನ ನೀರಿನಷ್ಟು ಒಂದು ಎಳೆ. "ಯಗಚಿ ನೋಡಿದ್ರೆ ನಗ್ತಾಳೆ ಕಣೇ" ಎಂದಳು ಯದುಗಿರಿ. ಹಾಸಿಗೆಯಲ್ಲಿ ಮಲಗಿದ್ದ ಹುಡುಗಿ ಹೀಗೆ ಅತ್ತೆಯ ಕಾಲಲ್ಲಿ ಆ ಊರನ್ನೆಲ್ಲ ನಡೆದಳು.

ಹೊಳೆ ದಾಟಿದರೆ ಮಾರುಕಟ್ಟೆ. ಅಲ್ಲಿಗೆ ಕಾಲಿಟ್ಟ ದಿನ ಯದುಗಿರಿ ತಟಸ್ಥಳಾಗಿ ನಿಂತಳು. ಗಾಳಿಯಲ್ಲಿ ಕೊತ್ತಂಬರಿ ಸೊಪ್ಪಿನ ವಾಸನೆ. ವಾಸನೆಯನ್ನೇ ಹಿಡಿದು ಹೋದಳು. ಕಪ್ಪು ಜಡೆಯ, ಗುಂಡು ಮುಖದ ಹೆಂಗಸು, ನಮ್ಮ ಜಾವಗಲ್ಲಿನ ಕಡೆಯವಳೆಂದರೂ ನಂಬಬಹುದು, ಸೊಪ್ಪಿನ ಕಂತೆ ಹರಡಿಕೊಂಡು ಕೂತಿದ್ದಳು. ಮೆಕ್ಸಿಕೋದವಳು, ಹೆಸರು ಲೂಪೆ. ಯದುಗಿರಿಯ ಕಣ್ಣು ತುಂಬಿದ್ದನ್ನು ನೋಡಿ ಒಂದು ಎಳೆ ಮುರಿದು ಅವಳ ಮೂಗಿನ ಹತ್ತಿರ ಹಿಡಿದಳು. ಅಂದಿನಿಂದ ದಿನವೂ ಇಬ್ಬರೂ ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂತು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಲೂಪೆ ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ರೊಟ್ಟಿ ಮಾಡಿದರೆ ಯದುಗಿರಿ ತನ್ನ ಕೈಯಿಂದ ಇನ್ನೂ ತೆಳ್ಳಗೆ ತಟ್ಟಿ ತೋರಿಸಿದಳು. ಹುಡುಗಿಯ ಎದೆಯ ವಿಷಯ ಹೇಗೋ ತಿಳಿಸಿದಳು. ಲೂಪೆ ಉತ್ತರದ ಕಡೆ ಕೈ ತೋರಿಸಿ, ಆ ಕಡೆಯ ಹಳೆಯ ಚರ್ಚಿನಲ್ಲಿ ಒಬ್ಬ ತಾಯಿಯಿದ್ದಾಳೆ, ನೀಲಿ ಸೆರಗು ಹೊದ್ದವಳು, ಅವಳಿಗೆ ದೀಪ ಹಚ್ಚುತ್ತೇನೆ ಎಂದು ಕೈಸನ್ನೆಯಲ್ಲೇ ಹೇಳಿದಳು. ಹಚ್ಚಲಿ ಎಂದುಕೊಂಡಳು ಯದುಗಿರಿ. ತಾಯಿಗೆ ಊರು ಯಾವುದಾದರೇನು.

ಆ ಮೇಲೆ ಸುತ್ತು ಹೀಗೆ ನಿಂತಿತು: ತೆಂಕಲ ಸೇತುವೆಯಲ್ಲಿ ಹೊಳೆ ದಾಟುವುದು, ಮಾರುಕಟ್ಟೆ, ಅದರ ಮುಂದಿನ ಸೇತುವೆಯಲ್ಲಿ ಹಿಂದಕ್ಕೆ ಬಂದು ಆಸ್ಪತ್ರೆಯ ಬಾಗಿಲು.

ಆಪರೇಷನ್ನಿನ ದಿನ ಗೊತ್ತಾಯಿತು. ಬೆಳಗ್ಗೆ ಹನ್ನೊಂದಕ್ಕೆ ಒಳಗೆ ಕರೆದೊಯ್ಯುತ್ತಾರೆ, ಅಂದು ಮಾತ್ರ ಅಲ್ಲಿಯವರೆಗೆ ಅತ್ತೆ ಜೊತೆಗಿರಬಹುದು. ಹಿಂದಿನ ಮಧ್ಯಾಹ್ನ ರಮಾಮಣಿ ಏನನ್ನೂ ಕೇಳಲಿಲ್ಲ, ಅನ್ನವನ್ನೂ ಮುಟ್ಟಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಸೂರು ನೋಡುತ್ತಿದ್ದಳು.

"ಅತ್ತೆ, ಅವರು ಏನೋ ಔಷಧಿ ಕೊಟ್ಟು ನಿದ್ದೆ ಬರಿಸ್ತಾರಂತೆ. ಆಗ ನೀನಿರ್ಬೇಕು. ನಿನ್ನ ಮುಖ ನೋಡ್ಕೊಂಡೇ ಕಣ್ಣು ಮುಚ್ಚೋದು ನಾನು."

"ಇರ್ತೀನಿ."

"ಪ್ರದಕ್ಷಿಣೆ ಇದೆ ಅಂತ ತಡ ಮಾಡ್ಬಾರ್ದು."

"ಇರ್ತೀನಿ ಕಣೇ. ಮುಗಿಸ್ಕೊಂಡೇ ಬಂದಿರ್ತೀನಿ."

ಭಕ್ತಿಗೂ ಒಂದು ಆಸೆಬುರುಕತನ ಇರುತ್ತದೆ. ಮರುದಿನ ಎದ್ದ ಯದುಗಿರಿಗೆ ಎಂದಿನ ಸುತ್ತು ಸಾಲದೆನಿಸಿತು. ಇಂಥ ದಿನ ದೊಡ್ಡ ಸುತ್ತು ಹಾಕಬೇಕು. ಮಾರುಕಟ್ಟೆಯಿಂದ ಇನ್ನೂ ಉತ್ತರಕ್ಕೆ ಹೋಗಿ, ಆ ನೀಲಿ ಸೆರಗಿನ ತಾಯಿಯನ್ನೂ ಒಳಗೆ ಸೇರಿಸಿಕೊಂಡು, ಅಲ್ಲಿಂದಾಚೆಯ ಸೇತುವೆಯಲ್ಲಿ ಹೊಳೆ ದಾಟಿ ಬರಬೇಕು. ಆ ಸೇತುವೆಯನ್ನು ಅವಳು ದೂರದಿಂದ ನೋಡಿದ್ದಳು. ಬೇಕಾದಷ್ಟು ಹೊತ್ತಿದೆ ಎಂದು ಬೆಳಕು ಹರಿಯುತ್ತಲೇ ಹೊರಟಳು.

ಸುತ್ತಿನ ಮೊದಲ ಅರ್ಧ ಸುಖವಾಗಿಯೇ ನಡೆಯಿತು. ಲೂಪೆ ಇನ್ನೂ ಅಂಗಡಿ ಹರಡುತ್ತಿದ್ದಳು. ನಿಲ್ಲದೆ ಕೈ ಬೀಸಿ ಮುಂದೆ ಹೋದಳು. ದಾರಿ ಎಣಿಸಿದ್ದಕ್ಕಿಂತ ಉದ್ದವಾಗಿತ್ತು. ಆ ಊರಿನಲ್ಲಿ ಕಣ್ಣಿಗೆ ಹತ್ತಿರ ಕಂಡದ್ದು ಕಾಲಿಗೆ ದೂರ. ಚರ್ಚು ಸಿಕ್ಕಿತು. ಬಾಗಿಲಿಂದಲೇ ಕೈ ಮುಗಿದಳು. ಒಳಗೆ ದೀಪಗಳ ಹಿಂದೆ ನೀಲಿ ಸೆರಗು ಕಂಡಿತು. ಅಲ್ಲಿಂದ ಕೂಗಳತೆಯಲ್ಲಿ ಸೇತುವೆಯ ದಾರಿ. ಆದರೆ ಅಲ್ಲಿ ಮರದ ಅಡ್ಡಪಟ್ಟಿ ಕಟ್ಟಿದ್ದರು. ಆಚೆ ನೆಲವನ್ನೆಲ್ಲ ಬಗೆದು ಕೆಂಪು ಗುಡ್ಡೆ ಹಾಕಿ ಏನೋ ದೊಡ್ಡ ರಸ್ತೆ ಮಾಡುತ್ತಿದ್ದರು. ತಗಡಿನ ಟೋಪಿ ಹಾಕಿದ್ದವನೊಬ್ಬ ಬಂದು ಕೈ ಅಡ್ಡ ಹಿಡಿದ. ಬಂದ ದಾರಿಯಲ್ಲೇ ಹಿಂದೆ ಹೋಗು ಎಂದು ತೋರಿಸಿದ.

ಹಿಂದೆ ಹೋಗುವುದೆಂದರೆ ಆಸ್ಪತ್ರೆ ಎಡಕ್ಕಾಗುತ್ತದೆ. ಸುತ್ತಿದ್ದನ್ನು ಬಿಚ್ಚಿದಂತಾಗುತ್ತದೆ. ಇವತ್ತು, ಎಲ್ಲ ದಿನ ಬಿಟ್ಟು ಇವತ್ತು. ಅವಳು ತಲೆಯಾಡಿಸಿ ಉತ್ತರಕ್ಕೆ ಕೈ ತೋರಿಸಿ, ಮುಂದೆ ಸೇತುವೆ ಇದೆಯೇ ಎಂದು ಕೇಳಿದಳು. ಅವನು ಇದೆ ಎನ್ನುವಂತೆ ತಲೆಯಾಡಿಸಿ, ತೋಳನ್ನು ಬಹಳ ದೂರಕ್ಕೆ ಚಾಚಿದ.

ಯದುಗಿರಿ ಉತ್ತರಕ್ಕೆ ನಡೆದಳು. ಒಂದು ಕಡೆ ತಂತಿ ಬೇಲಿ, ಬೇಲಿಯಾಚೆ ಅರಸೀಕೆರೆ ಜಂಕ್ಷನ್ನಿನ ಹತ್ತು ಪಾಲು ಹರಡಿದ ರೈಲು ಹಳಿಗಳು. ಸೇತುವೆ ಕಾಣಲಿಲ್ಲ. ತಿರುಗಿ ನೋಡಿದರೆ ರೈಲ್ವೆ ಸ್ಟೇಷನ್ನಿನ ಗೋಪುರದ ಗಡಿಯಾರದಲ್ಲಿ ಹತ್ತು ಹೊಡೆದಾಗಿತ್ತು. ಬೇಗ ಬೇಗ ಹೆಜ್ಜೆ ಹಾಕಿದಳು. ಬಿಟ್ಟರೆ ಹುಡುಗಿಗೆ ಕೇಡು. ಬಿಡದಿದ್ದರೆ ಹೊತ್ತಿಗೆ ಮುಟ್ಟುವುದಿಲ್ಲ. ಚೆನ್ನಿಗರಾಯಾ, ಇದೆಂಥ ಕತ್ತರಿಯಲ್ಲಿ ಸಿಕ್ಕಿಸಿದೆ ಎಂದು ಬಾಯಿಬಿಟ್ಟೇ ಹೇಳಿದಳು.

ಆಗ ಬೇಲಿಯಾಚೆ ಒಂದು ಗೂಡ್ಸ್ ಗಾಡಿ ಕೂಗಿತು.

ಉದ್ದನೆಯ ಕೂಗು. ಬಾಣಾವರದ ಮನೆಯ ಹಿತ್ತಲಿಗೆ ಕೇಳಿಸುತ್ತಿದ್ದಂಥದ್ದೇ. ಊಟದ ನಡುವೆ ಎದ್ದು ಕೈ ತೊಳೆಯುತ್ತಿದ್ದವನು, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡವನು ಎದುರಿಗೆ ನಿಂತಂತಾಯಿತು. ಅಂದು ಅವಳು ಒಂದು ಸುತ್ತನ್ನೂ ಬಿಟ್ಟಿರಲಿಲ್ಲ. ದೇವರಿಗೆ ಸಲ್ಲಬೇಕಾದದ್ದೆಲ್ಲ ಸಂದಿತ್ತು. ಅವನಿಗೆ ಬೇಕಾಗಿದ್ದದ್ದು ಮಾತ್ರ ಸಂದಿರಲಿಲ್ಲ.

ಯದುಗಿರಿ ಬೇಲಿಯ ತಂತಿ ಹಿಡಿದು ಒಂದು ಗಳಿಗೆ ನಿಂತಳು. ಊರಿನಿಂದ ತಂದು ಕೈಯಲ್ಲಿಟ್ಟುಕೊಂಡಿದ್ದ ಒಣ ತುಳಸಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಹಿಂದಕ್ಕೆ ತಿರುಗಿದಳು.

ಓಡಿದಳು ಎಂದೇ ಹೇಳಬೇಕು. ಸೆರಗು ಜಾರಿತು, ಚೀಟಿ ಎಲ್ಲೋ ಬಿತ್ತು. ಮಾರುಕಟ್ಟೆಗೆ ಬರುವಷ್ಟರಲ್ಲಿ ಉಸಿರು ನಿಂತಂತಾಗಿ ಲೂಪೆಯ ಮುಂದೆ ಕುಸಿದಳು. ಎದೆ ಮುಟ್ಟಿಕೊಂಡು ಪೂರ್ವಕ್ಕೆ ಕೈ ತೋರಿಸಿದಳು. ಬಾಯಿಂದ ಬಂದದ್ದು, "ನನ್ನ ಕೂಸು ಕಾಯ್ತಿದೆ" ಎಂದಷ್ಟೇ. ಲೂಪೆ ಎದ್ದಳು. ಸೊಪ್ಪಿನ ಮೇಲೆ ಗೋಣಿ ಎಳೆದಳು, ಇವಳ ರಟ್ಟೆ ಹಿಡಿದು ಹಿತ್ತಲ ಕಡೆ ನಿಂತಿದ್ದ ಈರುಳ್ಳಿ ವ್ಯಾನಿಗೆ ಹತ್ತಿಸಿದಳು, ತಾನೇ ಓಡಿಸಿದಳು. ಹೆಂಗಸು ಗಾಡಿ ಓಡಿಸುವುದನ್ನು ಯದುಗಿರಿ ನೋಡಿದ್ದಳು, ಅದರಲ್ಲಿ ಕೂತದ್ದು ಅದೇ ಮೊದಲು. ಸೇತುವೆಯ ಮೇಲೆ ಹೋಗುವಾಗ ಹೊಳೆಯ ಕಡೆ ನೋಡಲೂ ಇಲ್ಲ. ಈರುಳ್ಳಿಗಳು ಹಿಂದೆ ಉರುಳಾಡುತ್ತಿದ್ದವು.

ಲಿಫ್ಟಿನ ಬಾಗಿಲ ಮುಂದೆ ಗಾಲಿ ಮಂಚ ನಿಂತಿತ್ತು. ನರ್ಸು ಗಡಿಯಾರ ನೋಡುತ್ತಿದ್ದಳು. ರಮಾಮಣಿಗೆ ಆಗಲೇ ಔಷಧಿ ಕೊಟ್ಟಿದ್ದರು. ರೆಪ್ಪೆ ಜೋತು ಬೀಳುತ್ತಿತ್ತು. ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು, ನಿದ್ದೆಯನ್ನು ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ಅತ್ತೆಯ ಮುಖ ಮೇಲೆ ಬಾಗಿದಾಗ ಹಿಡಿದ ಕೈ ಸಡಿಲಾಯಿತು.

"ಪ್ರದಕ್ಷಿಣೆ ಮುಗೀತಾ ಅತ್ತೆ?"

ಸುಳ್ಳು ಹೇಳಬಹುದಿತ್ತು. ಯದುಗಿರಿಯ ನಾಲಿಗೆಗೆ ಅದು ಬರಲಿಲ್ಲ.

"ಅರ್ಧ ಆಯ್ತು ಕಣೇ. ಇನ್ನರ್ಧ ನಾವಿಬ್ರೂ ಸೇರಿ ನಮ್ಮೂರಲ್ಲಿ ಮುಗಿಸೋಣ."

ಹುಡುಗಿಯ ನೀಲಿ ತುಟಿ ಸ್ವಲ್ಪ ಅರಳಿತು. "ಹಾಗಾದ್ರೆ ನಾನು ಬರ್ಲೇಬೇಕು" ಎಂದಳು. ಅತ್ತೆಯ ಮುಖ ನೋಡುತ್ತಲೇ ಕಣ್ಣು ಮುಚ್ಚಿದಳು.

ಅಂದು ಸಂಜೆಯವರೆಗೆ ಯದುಗಿರಿ ಎಲ್ಲಿಗೂ ನಡೆಯಲಿಲ್ಲ. ಬೆಂಚಿನ ಮೇಲೆ ಕೂತಿದ್ದಳು. ಒಂದು ಪಕ್ಕದಲ್ಲಿ ಲೂಪೆ ಮಣಿಸರ ಎಣಿಸುತ್ತಿದ್ದಳು. ಸುದ್ದಿ ತಿಳಿದು ಬಂದ ಆಲ್ಸನಮ್ಮ ಇನ್ನೊಂದು ಪಕ್ಕದಲ್ಲಿ ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು. ಯದುಗಿರಿಯ ಮನಸ್ಸಿನಲ್ಲಿ ಭಯವಿತ್ತು. ಮುರಿದ ಹರಕೆಗೆ ಏನು ಬೆಲೆ ತೆರಬೇಕೋ ಅದನ್ನು ನನ್ನಿಂದ ತೆಗೆದುಕೋ, ಕೂಸಿನಿಂದ ಬೇಡ ಎಂದು ಹೇಳಿಕೊಂಡಳು. ಹೊತ್ತು ಇಳಿಯುವಾಗ ಹಾರ್ಪರ್ ಡಾಕ್ಟರು ಹೊರಗೆ ಬಂದರು. ಇವಳಿಗೆ ತಮ್ಮ ಭಾಷೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ತಮ್ಮ ಎದೆಯ ಮೇಲೆ ಬೆರಳಿಟ್ಟು ಸಮವಾಗಿ, ನಿಧಾನವಾಗಿ ತಾಳ ಹಾಕಿ ತೋರಿಸಿದರು. ಯದುಗಿರಿ ಅದನ್ನು ನೋಡುತ್ತ ನೋಡುತ್ತ ಲೂಪೆಯ ಭುಜಕ್ಕೆ ಒರಗಿದಳು.

ಊರಿಗೆ ಬಂದದ್ದು ಮಳೆಗಾಲ ಕಳೆದ ಮೇಲೆ. ಅರಸೀಕೆರೆಯ ಪ್ಲಾಟ್‌ಫಾರಮ್ಮಿನಲ್ಲಿ ಸುಂದರರಾಜ ಮಗಳ ಉಗುರುಗಳನ್ನು ಒಂದೊಂದಾಗಿ ನೋಡಿ, ಪೆಟ್ಟಿಗೆಗಳನ್ನು ತಾನೇ ಹೊತ್ತುಕೊಂಡ. ಬಸ್ಸಿನ ಕಿಟಕಿಯಲ್ಲಿ ತೆಂಗಿನ ತೋಟ ಕಂಡಾಗ ಯದುಗಿರಿ, ನೋಡು ಕಾಯಿ, ನೋಡು ಎಂದು ಹುಡುಗಿಗಿಂತ ಹುಡುಗಿಯಾದಳು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ರಮಾಮಣಿ ಕೆಳಗಿಳಿದು ಕೆರೆ ಏರಿಯವರೆಗೆ ನಡೆದು ಬಂದಳು. ಯಾರೂ ಬೇಡವೆನ್ನಲಿಲ್ಲ. ಡ್ರೈವರನೂ ಹಾರನ್ನು ಹೊಡೆಯದೆ ಕಾದ.

ಮರುದಿನ ಬೆಳಗ್ಗೆ ಅತ್ತೆ ಸೊಸೆ ದೇವಸ್ಥಾನಕ್ಕೆ ಬಂದರು. ಕಟ್ಟಿ ತಂದ ತುಳಸಿ ಮಾಲೆಯನ್ನು ಅನಂತಸ್ವಾಮಿಗಳು ಕೈ ಚಾಚಿ ತೆಗೆದುಕೊಂಡರು. ಆದರೆ ಯದುಗಿರಿ ಎಂದಿನಂತೆ ಮುಂಬಾಗಿಲಿಂದ ಸುತ್ತು ಹಿಡಿಯಲಿಲ್ಲ. ಹುಡುಗಿಯ ಕೈ ಹಿಡಿದು, ನೇರವಾಗಿ ಹಿಂದಿನ ಮೂಲೆಯ ಆಂಡಾಳ್ ಗುಡಿಯ ಮುಂದೆ ಹೋಗಿ ನಿಂತು, ಅಲ್ಲಿ ಕೈ ಮುಗಿದು ಹೆಜ್ಜೆ ಎತ್ತಿದಳು.

ಅನಂತಸ್ವಾಮಿಗಳು ನಗೆಯಾಡಿದರು. "ಏನಮ್ಮಾ ಯದುಗಿರಿ, ಅಮೆರಿಕಾದಲ್ಲಿ ಪ್ರದಕ್ಷಿಣೇನ ನಡುವಿಂದ ಶುರು ಮಾಡ್ತಾರೋ?"

"ಶುರು ಅಲ್ಲ ಸ್ವಾಮಿ. ಅಲ್ಲಿ ನಿಲ್ಲಿಸಿದ್ದೆ, ಇಲ್ಲಿ ಮುಂದುವರಿಸ್ತಿದೀನಿ."

ಅವರಿಗೆ ಎಷ್ಟು ಅರ್ಥವಾಯಿತೋ. ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

ಆ ಮೂಲೆಯಿಂದ ಮುಂದೆ ರಮಾಮಣಿ ಹಿಂದೆಂದೂ ಕೂರದೆ ಹೋದದ್ದಿಲ್ಲ. ಅಂದು ಕೂರಲಿಲ್ಲ. ಮದನಿಕೆಯರ ಕಡೆ ಒಂದು ನೋಟ ಎಸೆದು, ಅತ್ತೆಯ ಕೈ ಬಿಡಿಸಿಕೊಂಡು, ತಣ್ಣಗಿನ ಚಪ್ಪಡಿಗಳ ಮೇಲೆ ಮುಂದೆ ಮುಂದೆ ಹೋದಳು. ಯದುಗಿರಿಯ ಮಂಡಿ ಆ ವೇಗಕ್ಕೆ ಒಗ್ಗಲಿಲ್ಲ. ಉತ್ತರದ ಗೋಡೆ ಕಳೆದು ಪೂರ್ವದ ಬಾಗಿಲು ಕಾಣುವಾಗ ಹುಡುಗಿ ಆಗಲೇ ಅಲ್ಲಿ ನಿಂತು, ಬಿಸಿಲಿಗೆ ಮುಖ ಒಡ್ಡಿಕೊಂಡು, ಇತ್ತ ತಿರುಗಿದ್ದಳು. ತುಟಿ ಕೆಂಪಗಿತ್ತು.

"ಅತ್ತೇ, ಬಂದ್ಯಾ?"

ಯದುಗಿರಿ ಒಂದು ಗಳಿಗೆ ಕಂಬ ಹಿಡಿದು ನಿಂತಳು.

"ಬಂದೆ" ಎಂದಳು. "ಬಂದೆ ಕಣೇ, ಬಂದೆ."